ಕಿವಿಗೆ ಹಿಡಿದ ಟರ್ಬೊ

ನಮ್ಮ ಯಜಮಾನರಿಗೆ ಹೊಸ ಸಾಮಾನು ಕಂಡರೆ ಆಗುವುದಿಲ್ಲ. ಕಾರು ರಿಪೇರಿ ಅವರ ಕಸುಬು. ಹೊಸದಾದರೆ ಡಬ್ಬದ ಮೇಲೆ ಬರೆದದ್ದನ್ನು ನಂಬಬೇಕು, ಹಳೆಯದಾದರೆ ತನ್ನ ಕಿವಿಯನ್ನು ನಂಬಿದರೆ ಸಾಕು ಎಂಬುದು ಅವರ ವಾದ. ವಾದಕ್ಕೆ ನಿಂತರೆ ಅವರ ಬಾಯಿಗೆ ಬೀಗ ಹಾಕುವವರಿಲ್ಲ.

ನಮ್ಮ ಕಾರು ಏರಿನಲ್ಲಿ ಏದುಸಿರು ಬಿಡುತ್ತದೆ, ಅದಕ್ಕೆ ದೊಡ್ಡ ಟರ್ಬೊ ಹಾಕಲೇಬೇಕು ಎಂದು ಹಟ ಹಿಡಿದವರೂ ಅವರೇ. ಭಾನುವಾರ ಬಿಡಿಭಾಗದ ಅಂಗಡಿಗೆ ಹೊರಟಾಗ ನೀನೂ ಬಾ ಎಂದರು. ಇಷ್ಟು ವರ್ಷ ಇಲ್ಲದ ಅಕ್ಕರೆ ಈಗ ಎಲ್ಲಿಂದ ಬಂತೋ ಎಂದುಕೊಂಡೆ. ಆ ಗ್ರೀಸು ಮೆತ್ತಿದ ಅಂಗಡಿಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದದ್ದು ನನ್ನ ದಡ್ಡತನ.

ಅಂಗಡಿಯವನು ಮೇಜಿನ ಮೇಲೆ ಎರಡು ಟರ್ಬೊ ಇಟ್ಟ. ಒಂದು ಡಬ್ಬದಿಂದ ಆಗಷ್ಟೇ ತೆಗೆದದ್ದು, ಇನ್ನೊಂದು ಯಾವುದೋ ಜಜ್ಜಿಹೋದ ಕಾರಿನಿಂದ ಬಿಚ್ಚಿ ತೊಳೆದಿಟ್ಟದ್ದು. ಎರಡೂ ದಪ್ಪ ಬಸವನಹುಳದ ಆಕಾರ. ಒಳಗಿನ ಚಕ್ರ ತಿರುಗಿ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಆ ಚಕ್ರ ಸುತ್ತಲಿನ ಗೋಡೆಗೆ ತಾಗಬಾರದು, ತಾಗಿದರೆ ಇವತ್ತಲ್ಲ ನಾಳೆ ಚೂರಾಗುತ್ತದೆ. ಇಷ್ಟು ನನಗೂ ಗೊತ್ತು. ಊಟದ ಹೊತ್ತಿನಲ್ಲೂ ಬೇರೆ ಮಾತಿಲ್ಲದ ಮನೆ ನಮ್ಮದು.

ಅವರು ಹಳೆಯದನ್ನು ಎತ್ತಿ ಕಿವಿಗೆ ಹಿಡಿದು ಬೆರಳಿನಿಂದ ಚಕ್ರ ತಿರುಗಿಸಿದರು. ಪಕ್ಕದಲ್ಲಿದ್ದ ನನಗೆ ಸಣ್ಣಗೆ ಕೆರೆದ ಸದ್ದು ಕೇಳಿಸಿತು. ಇನ್ನೊಮ್ಮೆ ತಿರುಗಿಸಿದರು, ಮತ್ತೆ ಅದೇ ಸದ್ದು. ಅವರ ಮುಖದಲ್ಲಿ ಮಾತ್ರ ಏನೂ ಇಲ್ಲ. ಮನೆಯಲ್ಲಿ ಟಿವಿಯ ಸದ್ದು ಏರುತ್ತಾ ಹೋದದ್ದು, ನಾನು ಕರೆದರೂ ಅವರು ಓಗೊಡದೆ ಇದ್ದದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು. ಆ ಕಿವಿಯೇ ಅವರ ಅನ್ನ. ಅಂಗಡಿಯವನ ಎದುರು ಅವರ ಮಾನ ಹೋಗಬಾರದೆಂದು ಮುಖ ಕಲ್ಲು ಮಾಡಿಕೊಂಡೆ. ಅವರು ನನ್ನನ್ನೊಮ್ಮೆ ನೋಡಿ, ಹಳೆಯದನ್ನೇ ಕಟ್ಟಿಕೊಡು ಎಂದರು. ಅಂಗಡಿಯವನು ರಟ್ಟು ತರಲು ಒಳಗೆ ಹೋದ.

"ಹೊಸದೇ ತಗೊಳ್ಳೋಣ ರೀ, ಒಳ್ಳೆ ಹೊಳೀತಾ ಇದೆ," ಎಂದೆ.

ನನ್ನ ಶೋಕಿಯನ್ನು ಆಡಿಕೊಳ್ಳುತ್ತಾರೆಂದು ಕಾದೆ. ಅವರು ಆಡಿಕೊಳ್ಳಲಿಲ್ಲ.

"ಸದ್ದು ಬಂತಾ?"

"ಇಲ್ವಲ್ಲ."

"ಸಣ್ಣ ಸದ್ದೆಲ್ಲ ನನಗೆ ಕೇಳಿಸದೆ ತುಂಬ ದಿನ ಆಯ್ತು ಕಣೇ. ನಾನು ನೋಡ್ತಿದ್ದದ್ದು ನಿನ್ನ ಮುಖಾನ. ಅದಕ್ಕೇ ನಿನ್ನ ಕರ್ಕೊಂಡು ಬಂದದ್ದು. ನೀನೂ ಮುಚ್ಚಿಟ್ರೆ ನಾನು ಯಾರನ್ನ ನಂಬ್ಲಿ?"

ನನಗೆ ನಾಚಿಕೆಯಾಯಿತು. ಮಾನ ಉಳಿಸಲು ಹೋಗಿ ಅವರನ್ನು ಒಂಟಿ ಮಾಡಿದ್ದೆ.

"ಕೆರೀತು," ಎಂದೆ. "ಎರಡು ಸಲಾನೂ."

ಅವರು ಹಳೆಯದನ್ನು ಪಕ್ಕಕ್ಕೆ ಸರಿಸಿ ಹೊಸದನ್ನು ಎತ್ತಿಕೊಂಡರು. ಅಷ್ಟರಲ್ಲಿ ಅಂಗಡಿಯವನು ರಟ್ಟು ಹಿಡಿದು ಬಂದ. ಅವನು ನೋಡುತ್ತಿದ್ದಂತೆಯೇ ಟರ್ಬೊವನ್ನು ನನ್ನ ಕಿವಿಗೆ ಹಿಡಿದು ಚಕ್ರ ತಿರುಗಿಸಿದರು. ಹಳೆಯದು ಬೇಡವಾಯಿತೇ ಎಂದು ಅವನು ಕೇಳಿದ.

"ತಡಿ," ಎಂದರು ಅವರು. "ಅವಳು ಹೇಳ್ಲಿ."