ನಗುವ ಪಾಳಿ

"ಏನ್ಲಾ, ಸತ್ತೋದ್ಯಾ? ಎದ್ದೇಳ್ಲಾ ಸೋಮಾರಿ ನನ್ಮಗನೇ! ಇದೇನು ನಿಮ್ಮಪ್ಪನ ತೆಂಗಿನ ತೋಪು ಅಂದ್ಕಂಡ್ಯಾ, ಕಾಲ್ ಚಾಚ್ಕಂಡು ಬಿದ್ಕಳಾಕೆ?"

ಮೇಸ್ತ್ರಿ ಡ್ಯಾರನ್ ಟ್ರ್ಯಾಕ್ಟರಿನ ಮೇಲಿಂದಲೇ ಕೂಗಿದ. ಟೊಮೇಟೊ ಸಾಲಿನ ನಡುವೆ ಕಲ್ಮೆಟ್ ಎದೆಗೆ ಅಂಗೈ ಒತ್ತಿಕೊಂಡು ಕೂತಿದ್ದ. ಪಕ್ಕದ ಸಾಲಿನಲ್ಲಿ ಹಣ್ಣು ಕೀಳುತ್ತಿದ್ದ ಲೇಮಾರಾ ಬಕೆಟ್ಟು ಇಟ್ಟು, ಗಿಡಗಳ ಸಂದಿಯಲ್ಲಿ ತೂರಿಕೊಂಡು ಅವನ ಹತ್ತಿರ ಬಂದಳು.

"ಎದೆ ಹಿಡ್ಕಂಡದೆ ಬಾಸ್ ಅವ್ನಿಗೆ. ವಸಿ ನೀರು ಕುಡೀಲಿ."

"ನೀನ್ಯಾವಳೇ, ಡಾಕ್ಟ್ರಮ್ಮನಾ? ಹೋಗು ನಿನ್ ಸಾಲಿಗೆ. ಲೋ, ಆಗಾಕಿಲ್ಲ ಅಂದ್ರೆ ಹೇಳ್ಬುಡು, ನಾಳೀಕೇ ವಿಮಾನಕ್ಕೆ ತುಂಬಿ ಕಳಿಸ್ತೀನಿ. ನಿನ್ನಂತೋರು ಅಲ್ಲಿ ಬಾಯ್ ಬಿಟ್ಕಂಡು ಕಾಯ್ತಾವ್ರೆ."

ಕಲ್ಮೆಟ್ ಗಿಡ ಹಿಡಿದುಕೊಂಡು ಎದ್ದ. ಕೊಂಬೆ ಮುರಿಯಿತು. ಅದಕ್ಕೂ ಬೈಸಿಕೊಂಡ.

ಇಬ್ಬರೂ ದ್ವೀಪದೇಶ ವನುವಾಟುವಿನ ಟೊಂಗೋವಾ ದ್ವೀಪದವರು, ಒಂದೇ ಹಳ್ಳಿ. ರಕ್ತಸಂಬಂಧ ದೂರದ್ದೇ ಆದರೂ ಅವಳು ಅಕ್ಕ, ಅವನು ತಮ್ಮ. ಸಮುದ್ರದಾಚೆಯ ಕ್ವೀನ್ಸ್‌ಲ್ಯಾಂಡಿನ ಈ ತೋಟಕ್ಕೆ ಕೊಯ್ಲಿನ ಕೂಲಿಗೆ ಬಂದ ಹೊಸದರಲ್ಲಿ ಕಲ್ಮೆಟ್‌ನಂಥ ಗಲಾಟೆಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಬಸ್ಸಿನಲ್ಲಿ ಹಾಡು, ಸಾಲಿನಲ್ಲಿ ಹಾಡು. ಡ್ಯಾರನ್‌ನ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ನಡೆದು ತೋರಿಸಿದನೆಂದರೆ ಹೆಂಗಸರು ಬಕೆಟ್ಟು ಕೆಳಗೆ ಹಾಕಿ ನಗುತ್ತಿದ್ದರು.

ಅವನ ತಾಯಿ ತೀರಿಕೊಂಡ ಸುದ್ದಿ ಬಂದಾಗ ತೋಟದಲ್ಲಿ ಕೊಯ್ಲಿನ ಭರಾಟೆ. ಮಣ್ಣಿಗೆ ಹೋಗಿ ಬರುತ್ತೇನೆ ಎಂದು ಆಫೀಸಿನ ಮುಂದೆ ನಿಂತ. ಹೋದರೆ ಹೋದದ್ದೇ ಎಂದರು. ವೀಸಾ ಈ ತೋಟಕ್ಕೆ ಕಟ್ಟಿದ್ದು. ನಡುವೆ ಬಿಟ್ಟು ಹೋದರೆ ಅವನನ್ನಷ್ಟೇ ಅಲ್ಲ, ಅವನ ಹಳ್ಳಿಯವರನ್ನೂ ಇನ್ನು ಕರೆಸುವುದಿಲ್ಲ ಎಂದರು. ಕಲ್ಮೆಟ್ ಟೋಪಿಯನ್ನು ಹಿಂಡುತ್ತಾ ವಾಪಸು ಬಂದ. ಅವತ್ತಿಗೆ ಹಾಡು ನಿಂತಿತು.

ಎದೆ ಹಿಡಿದುಕೊಂಡ ಮಾರನೆಯ ದಿನ ಓಬೆದ್ ಅವನನ್ನು ಪಟ್ಟಣದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಓಬೆದ್ ತಂಡದ ಮುಂದಾಳು, ಅವರದೇ ದ್ವೀಪದ ಚರ್ಚಿನ ಹಿರಿಯ. ಇಂಗ್ಲಿಷ್ ಚೆನ್ನಾಗಿ ಬಲ್ಲವನೆಂದು ದೊರೆಗಳ ಮಾತು ಇವರಿಗೆ, ಇವರ ಮಾತು ದೊರೆಗಳಿಗೆ ದಾಟಿಸುವವನು ಅವನೇ. ಎಲ್ಲರೂ ಅವನನ್ನು ಮಾವ ಎನ್ನುತ್ತಿದ್ದರು. ಹಿಂದಿರುಗಿ ಬಂದಾಗ ಡ್ಯಾರನ್ ಗೇಟಿನಲ್ಲೇ ತಡೆದ.

"ಏನಂದ ಡಾಕ್ಟ್ರು?"

"ರಕ್ತದ ಒತ್ತಡ ಏರೈತಂತೆ ಬಾಸ್. ಮನಸ್ನಾಗೆ ಭಾರ ಇಟ್ಕಂಡವ್ನೆ, ಅದೇ ತಿಂತಾ ಐತೆ ಅಂದ್ರು. ವಿಶ್ರಾಂತಿ ಬೇಕು, ಮನೆಯೋರ ಮಧ್ಯೆ ಇರ್ಬೇಕು, ಖುಷಿಯಾಗಿರ್ಬೇಕು ಅಂದ್ರು."

"ಖುಷಿಯಾಗಿರ್ಬೇಕಾ? ಅಷ್ಟೇ ತಾನೇ? ಸರಿ, ಖುಷಿಯಾಗಿರ್ಲಾ. ನನ್ ಆರ್ಡರ್ರು. ಹೂಂ, ಹಲ್ ಬಿಡು!"

ಕಲ್ಮೆಟ್ ನೆಲ ನೋಡುತ್ತಾ ನಿಂತ.

"ಬಿಡ್ಲಾ! ಹಲ್ ಬಿಡೋಗಂಟ ಒಳಕ್ ಬಿಡಾಕಿಲ್ಲ."

ಬಸ್ಸಿನಿಂದ ಇಳಿಯುತ್ತಿದ್ದವರೆಲ್ಲ ನೋಡುತ್ತಿದ್ದರು. ಕಲ್ಮೆಟ್ ತುಟಿ ಅಗಲಿಸಿ ಹಲ್ಲು ತೋರಿಸಿದ. ಡ್ಯಾರನ್ ಅವನ ಬೆನ್ನಿಗೊಂದು ಗುದ್ದಿ ಗೇಟು ತೆಗೆದ.

ಭಾನುವಾರ ನಲ್ಲಿಯ ಹತ್ತಿರ ಬಟ್ಟೆ ಒಗೆಯುವಾಗ ಕಲ್ಮೆಟ್ ಕೇಳಿದ. "ಅಕ್ಕಾ, ದುಃಖಕ್ಕೆ ಮನುಷ್ಯ ಸಾಯ್ತಾನಾ?"

"ಹೋಗಲೋ! ನಮ್ಮಜ್ಜಿ ಗಂಡನ್ನೂ ಮಣ್ ಮಾಡಿದ್ಲು, ಮಕ್ಳನ್ನೂ ಮಣ್ ಮಾಡಿದ್ಲು. ಹಲ್ಲೆಲ್ಲ ಉದ್ರೋಗಂಟ ಗಟ್ಟಿಯಾಗಿದ್ಲು. ದುಃಖಕ್ಕೆ ಸಾಯಂಗಿದ್ರೆ ನಮ್ ದ್ವೀಪ್ದಾಗೆ ಬರೀ ಹಂದಿಗಳು ಉಳ್ಕಂತಿದ್ವು."

ಕಲ್ಮೆಟ್ ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದ. ಆಮೇಲೆ ಅಂಗಿಯನ್ನು ಹಿಂಡಿ ಹಿಂಡಿ ನೀರು ಬರುವುದು ನಿಂತರೂ ಹಿಂಡುತ್ತಲೇ ಇದ್ದ.

"ಅಜ್ಜಿ ಅತ್ಲು ಕಣಕ್ಕಾ. ಊರಿಗ್ ಊರೇ ಚಾಪೆ ಹಾಕ್ಕಂಡು ಅವಳ ಜತೆ ಕೂತಿತ್ತು. ನಾನೆಲ್ಲಿ ಅಳ್ಲಿ? ಈ ತಗಡಿನ ಗೂಡ್ನಾಗೆ ಒಬ್ರ ಮೇಲೊಬ್ರು ಮಲಗ್ತೀವಿ. ಅತ್ರೆ ಅವ್ರಿಗೆ ನಿದ್ದೆ ಕೆಡ್ತದೆ. ಪಾಪ, ಅವ್ರೂ ದುಡೀಬೇಕಲ್ಲ."

ಲೇಮಾರಾ ಅವನ ಕೈಯಿಂದ ಅಂಗಿ ಕಸಿದುಕೊಂಡು ಹಗ್ಗಕ್ಕೆ ಹರವಿದಳು.

ಆ ವಾರವೇ ಕಲ್ಮೆಟ್ ತುಂಬಿದ ಬಕೆಟ್ಟು ಹೆಗಲ ಮೇಲಿದ್ದ ಹಾಗೇ ಬಿದ್ದ. ಆಂಬುಲೆನ್ಸು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಲೇಮಾರಾ ಗಾಡಿ ಹತ್ತಲು ಹೋದಳು. ಡ್ಯಾರನ್ ತೋಳು ಹಿಡಿದು ಇಳಿಸಿದ. "ನೀ ಹೋಗಿ ಏನ್ ಜೀವ ಕೊಡ್ತೀಯಾ? ಚೆಲ್ಲಿರೋದ್ನ ಆಯ್ಕೋ."

ಅವಳ ಹತ್ತಿರ ಊರಿನಿಂದ ತಂದ ಚಾಪೆಯೊಂದಿತ್ತು, ತಾನೇ ಹೆಣೆದದ್ದು. ಊರಿನ ಪದ್ಧತಿಯಂತೆ ಅದರಲ್ಲಿ ಅವನನ್ನು ಸುತ್ತಿ ಕಳಿಸಬೇಕೆಂದು ಆಫೀಸಿಗೆ ಹೋದಳು. ಪೆಟ್ಟಿಗೆ ಮುಚ್ಚಿ ಆಯಿತು, ವಿಮಾನಕ್ಕೆ ಹೋಯಿತು ಎಂದರು. ಕೂಲಿಯವರೆಲ್ಲ ಸಾಲಿನಲ್ಲಿದ್ದಾಗಲೇ ಹೋಗಿತ್ತು. ಸಂಜೆ ಹೊತ್ತಿಗೆ ಅವನ ಮಂಚದ ಮೇಲೆ ಹೊಸಬನೊಬ್ಬ ಕೂತು ಬ್ರೆಡ್ಡು ತಿನ್ನುತ್ತಿದ್ದ.

ಲೇಮಾರಾ ನಲ್ಲಿಯ ಹತ್ತಿರ ನಿಂತಿದ್ದಾಗ ಊರಿಂದ ಮಗಳು ಫೋನು ಮಾಡಿದಳು. "ಅವ್ವಾ, ಎಲ್ಲಾರೂ ಕಲ್ಮೆಟ್ ಮಾವನ ಮನೆತಾವ ಕೂತವ್ರೆ. ನಿನ್ನೇ ಕೇಳ್ತಾವ್ರೆ. ನೀ ಎಂಗಿದೀಯೆ?"

"ಚೆಂದಾಗಿವ್ನಿ" ಎಂದಳು. ಆ ಕಡೆ ಹೆಂಗಸರು ಅಳುವುದು ಕೇಳಿಸುತ್ತಿತ್ತು. ಸದ್ದು ಸಣ್ಣದಾಗಿ, ದೂರದ ಕೋಣೆಯಲ್ಲಿ ಯಾರೋ ನೀರು ಬಿಟ್ಟ ಹಾಗೆ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಹಿಂದೆ ನಲ್ಲಿಗೆ ಕಾದಿದ್ದವರು, "ಬೇಗ ಮುಗ್ಸಕ್ಕಾ, ಜಾಗ ಬಿಡು" ಎಂದರು. ಬಿಟ್ಟಳು. ಶೆಡ್ಡಿನ ಹಿಂದೆ ಹೋದಳು, ಅಲ್ಲಿ ಲಾರಿಯವರು ಸಿಗರೇಟು ಸೇದುತ್ತಿದ್ದರು. ಕಕ್ಕಸಿಗೆ ಹೋದಳು, ಬಾಗಿಲು ಬಡಿದರು. ಎಲ್ಲೆಲ್ಲೂ ಜನ. ಆ ಜನರಲ್ಲಿ ಒಬ್ಬರೂ ಕಲ್ಮೆಟ್‌ನ ಹೆಸರು ಎತ್ತುತ್ತಿರಲಿಲ್ಲ. ಎತ್ತಿದರೆ ಮುಂದಿನ ವರ್ಷ ಕರೆಸುವವರ ಪಟ್ಟಿಯಿಂದ ತಮ್ಮ ಹೆಸರು ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಭಯ.

ಮುಂದಿನ ವಾರ, ಖುಷಿಯಾಗಿರುವುದು ಹೇಗೆಂದು ಕೆಲಸದವರಿಗೆ ಕಲಿಸಲು ಕಂಪನಿ ಒಬ್ಬ ಹೆಂಗಸನ್ನು ಕರೆಸಿತು. ಹೆಸರು ಫಿಯೋನಾ. ಬಂದ ಸ್ವಲ್ಪ ಹೊತ್ತಿಗೇ ಹುಡುಗಿಯರು ಅವಳಿಗೆ 'ಖುಷಿ ಮೇಡಮ್' ಎಂದು ಹೆಸರಿಟ್ಟರು. ಪ್ಯಾಕಿಂಗ್ ಶೆಡ್ಡಿನಲ್ಲಿ ಹಣ್ಣು ಸಾಗಿಸುವ ಬೆಲ್ಟು ನಿಲ್ಲಿಸಿ, ಎಲ್ಲರಿಗೂ ಹಳದಿ ಅಂಗಿ ಹಂಚಿ ಸಾಲಾಗಿ ನಿಲ್ಲಿಸಿದರು. ಖುಷಿ ಮೇಡಮ್ ಒಳ್ಳೆಯವಳೇ. ಎಲ್ಲರ ಕೈ ಹಿಡಿದು ಮಾತಾಡಿಸಿದಳು. ಓಬೆದ್ ಪಕ್ಕದಲ್ಲಿ ನಿಂತು ಅವಳ ಮಾತನ್ನು ದಾಟಿಸಿದ.

"ಸಂತೋಷವಾಗಿರುವವರು ಹೆಚ್ಚು ಕಾಲ ಬದುಕುತ್ತಾರೆ. ಚಿಂತೆ ಹೃದಯವನ್ನು ಕೊಲ್ಲುತ್ತದೆ. ನಿಮ್ಮ ದ್ವೀಪದವರು ಲೋಕದಲ್ಲೇ ತುಂಬ ಸಂತೋಷದ ಜನ ಅಂತ ನಾನು ಎಲ್ಲೋ ಓದಿದ್ದೆ. ನಾವೇ ನಿಮ್ಮಿಂದ ಕಲಿಯಬೇಕು!" ಮೇಡಮ್ ದನಿ ತಗ್ಗಿಸಿದಳು. "ನಿಮ್ಮ ಸ್ನೇಹಿತ ದುಃಖವನ್ನು ಒಳಗೇ ಇಟ್ಟುಕೊಂಡ. ಯಾರ ಹತ್ತಿರವಾದರೂ ಹೇಳಿಕೊಂಡಿದ್ದರೆ ಬಹುಶಃ ಇವತ್ತು ನಮ್ಮ ಜೊತೆ ಇರುತ್ತಿದ್ದ."

ಲೇಮಾರಾ ಸಾಲು ಬಿಟ್ಟು ಮುಂದೆ ಬಂದಳು.

"ಮಾವ, ಹೇಳು ಆಯಮ್ಮಂಗೆ. ಅವ್ನು ಹೇಳ್ಕಂಡಿದ್ದ. ಅವ್ವ ಸತ್ಲು, ಕಳ್ಸಿ ಅಂತ ಆಫೀಸ್ ಮುಂದೆ ಟೋಪಿ ತೆಗ್ದು ಹೇಳ್ಕಂಡಿದ್ದ. ಎದೆ ನೋಯ್ತದೆ ಅಂತ ಸಾಲಿನಾಗೆ ಕುಂತ್ಕಂಡು ಹೇಳ್ಕಂಡಿದ್ದ. ಮನೆಯೋರ ಮಧ್ಯೆ ಇರ್ಲಿ ಅಂತ ಡಾಕ್ಟ್ರೂ ಹೇಳಿದ್ದ. ಈ ಬೋಳಿಮಗ ಹಲ್ ಬಿಡು ಅಂದ. ಒಂದ್ ಮಾತೂ ಬಿಡ್ದಂಗೆ ಹೇಳು."

ಓಬೆದ್ ಡ್ಯಾರನ್‌ನ ಮುಖ ನೋಡಿದ. ಆಮೇಲೆ ಮೇಡಮ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ. "ಕಲ್ಮೆಟ್ ಬಹಳ ಒಳ್ಳೆಯವನಂತೆ. ನೀವು ಇಷ್ಟು ದೂರ ಬಂದದ್ದು ದೊಡ್ಡ ಉಪಕಾರ ಅಂತಿದ್ದಾಳೆ."

ಅಷ್ಟು ಇಂಗ್ಲಿಷ್ ಲೇಮಾರಾಗೆ ಬರುತ್ತಿತ್ತು. ಸಾಲಿನಲ್ಲಿದ್ದವರಿಗೂ ಬರುತ್ತಿತ್ತು. ಮೇಡಮ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಕಣ್ಣು ಒದ್ದೆಯಾಗಿದ್ದವು.

"ಎಷ್ಟು ಚೆಂದದ ಮಾತು! ಬನ್ನಿ, ಅವನ ನೆನಪಿಗಾಗಿ ಎಲ್ಲರೂ ಒಟ್ಟಿಗೆ ನಗೋಣ. ನಗು ಬರದಿದ್ದರೂ ಪರವಾಗಿಲ್ಲ, ಸುಮ್ಮನೆ ಶುರು ಮಾಡಿ, ದೇಹಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಹ ಹ ಹಾ! ಹೋ ಹೋ ಹೋ!"

ಆಫೀಸಿನವನು ಕ್ಯಾಮೆರಾ ಎತ್ತಿದ. ಹಳದಿ ಅಂಗಿಗಳು ಬಾಯಿ ತೆರೆದವು. ಹ ಹ ಹಾ. ತಗಡಿನ ಮಾಡು ಗುಂಯ್‌ಗುಟ್ಟಿತು. ಓಬೆದ್ ಎಲ್ಲರಿಗಿಂತ ಜೋರಾಗಿ ನಕ್ಕ.

ಲೇಮಾರಾ ಸಿಮೆಂಟಿನ ನೆಲದ ಮೇಲೆ ಕೂತು ಕಾಲು ನೀಡಿದಳು. ಊರಿನಲ್ಲಿ ಹೆಣದ ಪಕ್ಕ ಕೂರುವ ಹಾಗೆ. ಅವಳ ಬಾಯಿಂದ ಮೊದಲು ಬಂದದ್ದು ಒಂದು ಸಣ್ಣ ಸ್ವರ. ಅದು ಏರಿತು.

"ಓ ನನ್ ತಮ್ಮಾ... ಅವ್ವನ್ ಮಣ್ಣಿಗೂ ಹೋಗ್ದೋನೇ... ಹಲ್ ಬಿಟ್ಕಂಡು ಸತ್ತೋನೇ..."

ನಗು ಒಂದೊಂದೇ ಬಾಯಿಯಲ್ಲಿ ಆರಿತು. ಮೇಡಮ್ ಓಬೆದ್ ಕಡೆ ನೋಡಿದಳು. "ಏನು? ಏನು ಹೇಳ್ತಿದ್ದಾಳೆ?"

ಓಬೆದ್ ಬಗ್ಗಿ ಲೇಮಾರಾಳ ಭುಜ ಹಿಡಿದ. "ಸುಮ್ಕಿರವ್ವಾ, ನಿನ್ ಕಾಲಿಗ್ ಬೀಳ್ತೀನಿ. ಊರಿಗೇ ಬಾಗ್ಲು ಮುಚ್ತಾರೆ ಇವ್ರು."

ಅವಳು ಕೈ ಕೊಡವಿದಳು. ಅಳು ನಿಲ್ಲಲಿಲ್ಲ. ಊರಿನ ರೀತಿಯಲ್ಲಿ ಸತ್ತವನ ಬದುಕನ್ನು ಮೊದಲಿನಿಂದ ಎತ್ತಿಕೊಂಡು, ಕರೆದು ಕರೆದು ಹೇಳತೊಡಗಿದಳು. ಯಾರೂ ಅವಳ ಪಕ್ಕ ಬಂದು ಕೂರಲಿಲ್ಲ. ಹೆಂಗಸರು ತಮ್ಮ ಬೂಟುಗಳನ್ನು ನೋಡಿಕೊಂಡು ನಿಂತಿದ್ದರು.

"ಮುಗೀತು ನಾಟ್ಕ!" ಡ್ಯಾರನ್ ಹೋಗಿ ಗುಂಡಿ ಒತ್ತಿದ. ಬೆಲ್ಟು ಗಡಗಡ ಹೊರಟಿತು. "ಎಲ್ರೂ ನಿಮ್ ನಿಮ್ ಜಾಗಕ್ಕೆ! ನಡೀರಿ!"

ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತರು. ಹಣ್ಣು ಬಂತು. ಕೆಂಪು, ಹಸಿರು, ಕೊಳೆತದ್ದು, ಒಡೆದದ್ದು, ಎಲ್ಲ ಒಟ್ಟಿಗೆ. ಒಂದು ಕೈಯೂ ಮೇಲೇಳಲಿಲ್ಲ. ಹಳದಿ ಅಂಗಿಗಳ ಮುಂದೆ ಹಣ್ಣು ಹಾಗೇ ಸಾಗಿ ಹೋಗಿ, ಬೆಲ್ಟಿನ ತುದಿಯಲ್ಲಿ ನೆಲಕ್ಕೆ ಬೀಳತೊಡಗಿತು. ಡ್ಯಾರನ್ ಬೈಯುತ್ತಾ ಓಡಿ ಹೋಗಿ ಎರಡು ತೋಳಿನಲ್ಲಿ ತಬ್ಬಿ ಹಿಡಿಯಲು ನೋಡಿದ. ಹಿಡಿದದ್ದಕ್ಕಿಂತ ಜಾರಿದ್ದೇ ಹೆಚ್ಚು.

ಲೇಮಾರಾ ಇನ್ನೂ ಕಲ್ಮೆಟ್ ಈಜು ಕಲಿತಲ್ಲಿಗೆ ಬಂದಿದ್ದಳು. ಹೇಳುವುದು ಬಹಳ ಉಳಿದಿತ್ತು.