ಇಟ್ಟಿಗೆಯ ಸಾಂದ್ರತೆ

ಸುತ್ತಿಗೆಯ ಏಟಿಗೆ ಇಟ್ಟಿಗೆ ಅವನು ಬಯಸಿದ ಕಡೆ ಒಡೆಯಲಿಲ್ಲ. ಸೈಕಲ್ ಸ್ಟ್ಯಾಂಡಿನ ಹಿಂದೆ, ಕುಸಿದುಬಿದ್ದ ಕಾಂಪೌಂಡಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಇನ್ನೊಂದು ಏಟು ಹಾಕಿದ. ಅಳತೆ ಜಾಡಿಯ ಬಾಯೊಳಗೆ ಇಳಿಯುವಂಥ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ತುಂಡುಗಳು ಬೇಕಾಗಿದ್ದವು. ಇಟ್ಟಿಗೆಯೋ ಒಮ್ಮೆ ಪುಡಿಪುಡಿಯಾಗುತ್ತಿತ್ತು, ಒಮ್ಮೆ ಜಪ್ಪಯ್ಯ ಎಂದರೂ ಬಿರುಕು ಬಿಡುತ್ತಿರಲಿಲ್ಲ. ಇವತ್ತಿಗೆಂದೇ ಇಸ್ತ್ರಿ ಮಾಡಿದ್ದ ಪ್ಯಾಂಟಿನ ಮಂಡಿಯ ಮೇಲೆ ಕೆಂಪು ಧೂಳು ಕೂತಿತ್ತು. ಒರೆಸಿದಷ್ಟೂ ಅದು ಹರಡಿಕೊಂಡಿತು.

"ಏನ್ರೀ ಇದು? ಮೇಡಂ ಗೇಟಿನ ಹತ್ರ ಬಂದಾಯ್ತು, ನೀವಿಲ್ಲಿ ಮನೆ ಕಟ್ತಾ ಕೂತಿದೀರಾ?" ಹೆಡ್‌ಮಾಸ್ತರು ಮೇಲುಸಿರು ಬಿಡುತ್ತ ನಿಂತಿದ್ದರು.

"ಅಲ್ಯೂಮಿನಿಯಂ ತುಂಡೆಲ್ಲಾ ಬೀರುವಿನಲ್ಲಿದೆ ಸರ್. ಬೀಗದ ಕೈ ಪಕ್ಕದ ಸೆಕ್ಷನ್ ಮೇಷ್ಟ್ರ ಜೇಬಲ್ಲಿದೆ. ಅವರು ರೈಲಲ್ಲಿದಾರೆ."

"ಒಳ್ಳೇ ದಿನ ನೋಡಿ ಹೊರಟ, ಪುಣ್ಯಾತ್ಮ. ಸರಿ, ಏನೋ ಒಂದು ಮುಳುಗಿಸಿ ತೋರಿಸಿ. ನೀವು ಮುಳುಗಬೇಡಿ ಅಷ್ಟೆ."

ಅವನು ಈ ಶಾಲೆಯ ವಿಜ್ಞಾನ ಶಿಕ್ಷಕ, ಸದ್ಯಕ್ಕೆ ಈ ವರ್ಷದ ಮಟ್ಟಿಗೆ. ಇವತ್ತು ತಪಾಸಣೆಯ ಅಧಿಕಾರಿ ಬಂದು ಅವನ ಪಾಠ ನೋಡಿ ವರದಿ ಬರೆದರೆ ಕೆಲಸ ಕಾಯಂ. ಇಲ್ಲದಿದ್ದರೆ ರಜೆ ಶುರುವಾಗುತ್ತಿದ್ದಂತೆ ಮತ್ತೆ ಇನ್ನೊಂದು ಊರು, ಇನ್ನೊಂದು ಬಾಡಿಗೆ ಮನೆ, ಮಗಳಿಗೆ ಇನ್ನೊಂದು ಶಾಲೆ. ಬೆಳಿಗ್ಗೆ ಹೆಂಡತಿ ನಡುಮನೆಯ ರಟ್ಟಿನ ಪೆಟ್ಟಿಗೆಗಳನ್ನು ಕಾಲಲ್ಲಿ ತಟ್ಟಿ ಕೇಳಿದ್ದಳು: "ಈ ಸಲ ಇವುಗಳ ಹಗ್ಗ ಬಿಚ್ಚಲಾ, ಬೇಡ್ವಾ? ಒಳಗಿರೋ ಜಿರಲೆಗಳಿಗಾದ್ರೂ ಒಂದು ವಿಳಾಸ ಬೇಡವೇನ್ರೀ?" ಅವನು ಶೂ ಲೇಸು ಕಟ್ಟುವುದರಲ್ಲೇ ಮುಳುಗಿದವನಂತೆ ನಟಿಸಿದ್ದ. ಅವಳು ನಗುತ್ತಲೇ ಕೇಳಿದ್ದಳು. ಆದರೆ ಉತ್ತರ ಬಾರದಿದ್ದಾಗ ನಗು ಎಷ್ಟು ಹೊತ್ತು ಮುಖದ ಮೇಲೆ ಉಳಿಯಿತು, ಹೇಗೆ ಇಳಿಯಿತು ಎಂಬುದನ್ನು ಅವನು ತಲೆ ಎತ್ತದೆಯೇ ನೋಡಿದ್ದ.

ಪಾಠ ದ್ರವ್ಯರಾಶಿ, ಗಾತ್ರ, ಸಾಂದ್ರತೆಯದು. ತಪಾಸಣೆಯ ಪಾಠವನ್ನು ಮೊದಲೇ ತಾಲೀಮು ಮಾಡಿಸುವುದು ಎಲ್ಲ ಶಾಲೆಗಳಲ್ಲೂ ಇದ್ದದ್ದೇ. ಅವನೂ ಮಾಡಿಸಿದ್ದ, ವಾರವಿಡೀ. ತುಂಡನ್ನು ತಕ್ಕಡಿಯಲ್ಲಿಡಿ, ತೂಗಿ. ಜಾಡಿಯಲ್ಲಿ ನೀರಿನ ಮಟ್ಟ ನೋಡಿ, ತುಂಡನ್ನು ದಾರದಲ್ಲಿ ಇಳಿಬಿಡಿ, ಮತ್ತೆ ಮಟ್ಟ ನೋಡಿ, ಕಳೆಯಿರಿ. ತೂಕವನ್ನು ಗಾತ್ರದಿಂದ ಭಾಗಿಸಿ. ಅಲ್ಯೂಮಿನಿಯಂ ಆದ್ದರಿಂದ ಪ್ರತಿ ಸಲವೂ ಎರಡು ಪಾಯಿಂಟ್ ಏಳು. ಕೊನೆಕೊನೆಗೆ ಮಕ್ಕಳು ಅಳೆಯುವುದಕ್ಕೆ ಮೊದಲೇ ಕೋರಸ್ಸಿನಲ್ಲಿ ಉತ್ತರ ಹೇಳುತ್ತಿದ್ದರು. ಅವನೂ ತಡೆದಿರಲಿಲ್ಲ. ತಡೆಯಬೇಕೆಂದು ಅನಿಸಿದ್ದು ನಿಜ. ಅನಿಸಿದ್ದನ್ನು ಮಾಡುವಷ್ಟು ನೆಮ್ಮದಿ ಆ ವಾರ ಅವನಿಗಿರಲಿಲ್ಲ.

ಪ್ರಯೋಗಾಲಯದ ಬಾಗಿಲಲ್ಲಿ ಸಾಲಾಗಿ ನಿಂತಿದ್ದ ಮಕ್ಕಳಿಗೆ ಇಟ್ಟಿಗೆ ಚೂರುಗಳನ್ನು ಹಂಚುತ್ತ ಅವನು ಪಿಸುಗುಟ್ಟಿದ: "ವಸ್ತು ಬದಲಾಗಿದೆ, ಮಾಡೋ ಕ್ರಮ ಅದೇ. ಗಾಬರಿ ಬೇಡ."

"ನೀವು ಗಾಬರಿಯಾಗ್ಬೇಡಿ ಸರ್," ಎಂದ ಕ್ಲಾಸ್ ಲೀಡರ್. ಯಾವುದಕ್ಕೂ ವಾದ ಹೂಡುವ ಅವನಿಗೆ ವಕೀಲ ಎಂದೇ ಹೆಸರು. "ನಾವು ನೋಡ್ಕೋತೀವಿ."

ಅಧಿಕಾರಿ ಮೇಡಂ ಹಿಂದಿನ ಗೋಡೆಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ಮೊದಲು ಚರಿತ್ರೆ ಪಾಠ ಮಾಡುತ್ತಿದ್ದರಂತೆ. ಚಪ್ಪಲಿ ಕಳಚಿ, ಊದಿದ ಪಾದಗಳನ್ನು ತಣ್ಣನೆಯ ನೆಲಕ್ಕೆ ಒತ್ತಿ, "ಶುರು ಮಾಡಿ, ನಾನಿಲ್ಲ ಅಂದ್ಕೊಳ್ಳಿ" ಎಂದರು. ಅವರು ಇಲ್ಲ ಎಂದುಕೊಳ್ಳುವುದು ಕೋಣೆಯಲ್ಲಿ ಯಾರಿಗೂ ಸಾಧ್ಯವಾಗಲಿಲ್ಲ.

ಅವನು ವಿವರಿಸಿದ, ಕಪ್ಪು ಹಲಗೆಯ ಮೇಲೆ ಬರೆದ, ಮೇಜುಗಳ ನಡುವೆ ಸುಮ್ಮನೆ ಅತ್ತಿಂದಿತ್ತ ತಿರುಗಿದ. ಚಾಕ್‌ಪೀಸು ಎರಡು ಸಲ ಮುರಿಯಿತು. ಮಕ್ಕಳು ತೂಗಿದರು, ದಾರ ಇಳಿಬಿಟ್ಟರು, ತಲೆಗೆ ತಲೆ ಸೇರಿಸಿ ಏನೋ ಗುಸುಗುಸು ಮಾಡಿದರು. ವಕೀಲನ ಮೇಜಿನ ಹಿಂದೆ ಹಾದುಹೋಗುವಾಗ ಒಂದು ಮಾತು ಕಿವಿಗೆ ಬಿತ್ತು.

"ದಡ್ಡ, ಎಲ್ಲರೂ ಒಂದೇ ತೂಕ ಹೇಳಿದ್ರೆ ಸಿಕ್ಕಿಬೀಳ್ತೀವಿ. ನಿಮ್ಮ ನಿಮ್ಮ ತೂಕ ನೀವು ಹೇಳಿ. ಗಾತ್ರ ನಾನು ಲೆಕ್ಕ ಹಾಕಿ ಕೊಡ್ತೀನಿ, ಎರಡು ಪಾಯಿಂಟ್ ಏಳು ಬರೋ ಹಾಗೆ."

ಬಾಗಿಲಲ್ಲಿ ಕ್ರಮ ಅದೇ ಎಂದಿದ್ದ. ಉತ್ತರ ಅದಲ್ಲ ಎಂದು ಹೇಳುವುದು ಮರೆತೇಹೋಗಿತ್ತು. ಇಟ್ಟಿಗೆ ಎಲ್ಲಿ, ಅಲ್ಯೂಮಿನಿಯಂ ಎಲ್ಲಿ! ಈಗಲೇ ಹೇಳೋಣವೆಂದು ತಿರುಗುವಷ್ಟರಲ್ಲಿ ಮೇಡಂ ಕನ್ನಡಕ ಏರಿಸಿಕೊಂಡರು.

"ಎಲ್ಲಿ, ಒಂದೊಂದೇ ಗುಂಪು ಉತ್ತರ ಹೇಳಿ ನೋಡೋಣ."

"ಎರಡು ಪಾಯಿಂಟ್ ಏಳು."

"ಎರಡು ಪಾಯಿಂಟ್ ಏಳು, ಮೇಡಂ."

"ನಮ್ದೂ ಎರಡು ಪಾಯಿಂಟ್ ಏಳು."

ಒಬ್ಬೊಬ್ಬರೂ ಉತ್ತರ ಹೇಳಿ ಅವನ ಕಡೆ ನೋಡುತ್ತಿದ್ದರು. ಅವನನ್ನು ಹೇಗೋ ಪಾರುಮಾಡುತ್ತಿದ್ದೇವೆ ಎಂಬ ಪ್ರೀತಿ ಆ ಕಣ್ಣುಗಳಲ್ಲಿ ಎಷ್ಟು ಬಯಲಾಗಿತ್ತೆಂದರೆ ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಅರೆ, ಎಲ್ಲರದೂ ಒಂದೇ!" ಮೇಡಂ ಮುಖ ಅರಳಿತು. "ಹೋದ ಕಡೆಯೆಲ್ಲಾ ಹತ್ತು ಗುಂಪಿಗೆ ಹತ್ತು ಉತ್ತರ ಬರುತ್ತೆ. ಚೆನ್ನಾಗಿ ತಯಾರು ಮಾಡಿದೀರ." ಪೆನ್ನು ಕಾಗದದ ಮೇಲೆ ಸರಸರ ಓಡಿತು. ಹೆಂಡತಿ ಹಗ್ಗ ಬಿಚ್ಚುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ಸುಮ್ಮನಿದ್ದರೆ ಆಯಿತು. ಸುಮ್ಮನಿರುವುದು ಅವನಿಗೆ ಕಷ್ಟದ ಕೆಲಸವೇನಲ್ಲ.

"ಸರ್, ಒಂದು ಅನುಮಾನ."

ಕಿಟಕಿಯ ಪಕ್ಕದ ಮೇಜಿನಿಂದ ಒಂದು ಕೈ ಮೇಲೆದ್ದಿತ್ತು. ದಿನಕ್ಕೊಂದು ಸಲವಾದರೂ ಹೀಗೆ ಏಳುವ ಹುಡುಗಿಗೆ ಕ್ಲಾಸಿನವರು ಇಟ್ಟ ಹೆಸರೂ ಅನುಮಾನವೇ. ಜ್ವರ ಬಂದು ಅವಳಿಗೆ ಇಡೀ ತಾಲೀಮು ತಪ್ಪಿಹೋಗಿತ್ತು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

"ನಂದು ಒಂದು ಪಾಯಿಂಟ್ ಎಂಟು ಬಂತು ಸರ್. ಮತ್ತೆ ನೋಡಿದ್ರೆ ಒಂದು ಪಾಯಿಂಟ್ ಒಂಬತ್ತು. ಈಗ ಎರಡು ಬರ್ತಿದೆ. ನೀರು ಕೆಳಗೆ ಇಳೀತಾನೇ ಇದೆ."

"ಶುರುವಾಯ್ತು," ಎಂದ ಯಾರೋ. "ಬಾಯಿ ಮುಚ್ಚೇ, ಇವತ್ತೊಂದಿನ," ಎಂದ ವಕೀಲ ಹಲ್ಲು ಕಚ್ಚಿ. ಅವಳ ಪಕ್ಕದವಳು ಲಂಗದ ಅಂಚು ಹಿಡಿದು ಜಗ್ಗಿದಳು.

"ಜಾಡಿ ಸೋರ್ತಿರಬೇಕು," ಎಂದ ಅವನು. ತನ್ನ ದನಿ ಇಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯ. "ಆಮೇಲೆ ನೋಡೋಣ, ಕೂತ್ಕೋ."

ಅವಳು ಜಾಡಿಯ ತಳವನ್ನು ಬೆರಳಿಂದ ಸವರಿ ನೋಡಿದಳು. ಒಣಗಿತ್ತು. ಬೆರಳನ್ನೊಮ್ಮೆ, ಅವನನ್ನೊಮ್ಮೆ ನೋಡಿ ಕೂತಳು. ನಂತರ ರಬ್ಬರು ತೆಗೆದುಕೊಂಡು, ತನ್ನ ಅಂಕಿಗಳನ್ನು ನಿಧಾನವಾಗಿ ಅಳಿಸತೊಡಗಿದಳು. ಸಿಟ್ಟಿನಿಂದಲ್ಲ, ಅಳುತ್ತಲೂ ಅಲ್ಲ. ಮೇಷ್ಟ್ರೇ ಹೇಳಿದ ಮೇಲೆ ತನ್ನ ಕಣ್ಣೇ ಸರಿಯಿಲ್ಲ ಎಂದು ಒಪ್ಪಿಕೊಂಡವಳ ಹಾಗೆ, ಕಾಗದ ಹರಿಯದಂತೆ ಎಚ್ಚರದಿಂದ. ರಬ್ಬರು ಉಜ್ಜುವ ಸದ್ದು ಅವನವರೆಗೂ ಕೇಳುತ್ತಿತ್ತು.

"ಅಳಿಸಬೇಡ," ಎಂದ ಅವನು.

ಅವಳ ಕೈ ನಿಂತಿತು. ಹಿಂದೆ ಪೆನ್ನಿನ ಓಟವೂ ನಿಂತಿತು.

"ಅವಳ ಅಳತೆ ಸರಿಯಾಗಿದೆ ಮೇಡಂ. ಮಿಕ್ಕಿದ್ದೆಲ್ಲಾ ಅಲ್ಯೂಮಿನಿಯಂದು. ಇವತ್ತು ಸಿಕ್ಕಿದ್ದು ಇಟ್ಟಿಗೆ. ಉತ್ತರ ಬಾಯಿಪಾಠ ಮಾಡಿಸಿದ್ದು ನಾನು. ಮಕ್ಕಳದೇನೂ ತಪ್ಪಿಲ್ಲ."

ವಕೀಲ ತಲೆ ತಗ್ಗಿಸಿದ. ಮೇಡಂ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ಹಾಗಾದ್ರೆ ಇದರ ಸಾಂದ್ರತೆ ಎಷ್ಟು?"

"ಗೊತ್ತಿಲ್ಲ. ಇಟ್ಟಿಗೆ ನೀರು ಕುಡಿಯುತ್ತೆ ಅನ್ನೋದು ನನಗೆ ಬೆಳಿಗ್ಗೆ ಹೊಳೀಲೇ ಇಲ್ಲ."

"ಇಲ್ಲಿ ನಾನೇನು ಬರೀಲಿ, ನೀವೇ ಹೇಳಿ." ಆ ಮಾತಿನಲ್ಲಿ ಗದರಿಕೆ ಇರಲಿಲ್ಲ. ಅದು ಇನ್ನೂ ಕಷ್ಟವಾಯಿತು. ಅವರು ಬರೆದಿದ್ದರ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೀಟು ಎಳೆದು, ಚಪ್ಪಲಿಗೆ ಪಾದ ತೂರಿಸಲು ತಡಕಾಡಿ, ಎದ್ದು ಹೊರಗೆ ಹೋದರು.

ವಕೀಲನೇ ತಲೆ ಎತ್ತಿ, "ಸರ್, ನಾವು ನಿಮಗೋಸ್ಕರ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ.

"ಗೊತ್ತು ಕಣೋ," ಎಂದ ಅವನು.

ಹುಡುಗಿ ಮಾತ್ರ ಜಾಡಿಯ ಮೇಲಿಂದ ಕಣ್ಣು ಕಿತ್ತಿರಲಿಲ್ಲ. "ಇನ್ನೂ ಇಳೀತಿದೆ ಸರ್. ಎಲ್ಲಿವರೆಗೆ ಇಳಿಯುತ್ತೆ?"

"ನೋಡೋಣ."

ಅವನು ಅವಳ ಮೇಜಿನ ಮುಂದೆ ಮಂಡಿಯೂರಿ, ನೀರಿನ ಮಟ್ಟಕ್ಕೆ ಕಣ್ಣು ತಂದ. ವಕೀಲ ತನ್ನ ಸ್ಟೂಲನ್ನು ಸದ್ದಾಗದಂತೆ ಎತ್ತಿಕೊಂಡು ಬಂದು ಪಕ್ಕದಲ್ಲಿಟ್ಟು, ಅದರ ಮೇಲೆ ಕೂರದೆ ತಾನೂ ನೆಲಕ್ಕೆ ಕೂತ. ಉಳಿದವರೂ ಒಬ್ಬೊಬ್ಬರಾಗಿ ಬಂದು ಹಿಂದೆ ಒತ್ತಿಕೊಂಡರು. ಯಾರದೋ ಗದ್ದ ಅವನ ಭುಜಕ್ಕೆ ತಾಗಿತು. ಕಾರಿಡಾರಿನಿಂದ ಹೆಡ್‌ಮಾಸ್ತರು, "ಒಂದು ನಿಮಿಷ ನನ್ನ ರೂಮಿಗೆ ಬನ್ರೀ," ಎಂದು ಕೂಗಿದರು. "ಬಂದೆ ಸರ್," ಎಂದ. ಏಳಲಿಲ್ಲ.

ಗಾಜಿನೊಳಗೆ ಇಟ್ಟಿಗೆಯ ಒಂದು ರಂಧ್ರದಿಂದ ಸಾಸಿವೆಯಷ್ಟು ದೊಡ್ಡ ಗುಳ್ಳೆಯೊಂದು ಬಿಡಿಸಿಕೊಂಡು, ದಾರದ ಗುಂಟ ಓಲಾಡುತ್ತ ಮೇಲೆ ಬಂತು. ನೀರಿನ ಅಂಚಿನಲ್ಲಿ ಒಂದು ಗಳಿಗೆ ಹಾಗೇ ತಂಗಿತು.