ಯಂತ್ರ ಹಾಕಿದ ಮೇಲೂ

ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಕತ್ತರಿ ಎಂದು ಕರೆಯುತ್ತಿದ್ದರು. ದನಿಯನ್ನು ಕಂದುಬಣ್ಣದ ಟೇಪಿನ ಮೇಲೆ ಹಿಡಿಯುತ್ತಿದ್ದ ಕಾಲದಲ್ಲಿ, ಹೆಸರಾಂತ ಗಾಯಕರೊಬ್ಬರು ಹನ್ನೊಂದು ಸಲ ಹಾಡಿದ ಸಾಲಿನಿಂದ ಸರಿಯಾಗಿ ಬಿದ್ದ ಪದಗಳನ್ನಷ್ಟೇ ಬ್ಲೇಡಿನಿಂದ ಕತ್ತರಿಸಿ, ಪಟ್ಟಿ ಅಂಟಿಸಿ, ಒಂದೇ ಉಸಿರಿನಲ್ಲಿ ಹಾಡಿದಂತೆ ಮಾಡಿ ಕೊಟ್ಟವನು ಅವನು. ಮೇಲಿನ ಸ್ಥಾಯಿ ಎಟುಕದವರಿಗೆ ಟೇಪನ್ನು ನಿಧಾನವಾಗಿ ಓಡಿಸಿ ಕೆಳಗೇ ಹಾಡಿಸುತ್ತಿದ್ದ. ಮರಳಿ ವೇಗಕ್ಕೆ ತಂದಾಗ ದನಿ ತಾನಾಗಿ ಮೆಟ್ಟಿಲು ಹತ್ತಿರುತ್ತಿತ್ತು. ಆಮೇಲೆ ಒಂದೊಂದೇ ಸ್ವರವನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸುವ ಪೆಟ್ಟಿಗೆಯೂ ಬಂತು. ಜನ ಮರುಳಾದ ಎಷ್ಟೋ ಕಂಠಗಳ ಒಳಮಗ್ಗುಲಲ್ಲಿ ಅವನ ಹೊಲಿಗೆ ಇತ್ತು.

ಆದರೆ ಕತ್ತರಿಗೆ ಕಿವಿ ಇರಲಿಲ್ಲ. ಕಿವಿ ಅತ್ತಿಗೆಯದು. ತೀರಿಹೋದ ಅಣ್ಣನ ಹೆಂಡತಿಯಾದ ಆಕೆ ಅದೇ ಸ್ಟುಡಿಯೋದಲ್ಲಿ ಟ್ರ್ಯಾಕ್ ಹಾಡುತ್ತಿದ್ದಳು. ಎಂದರೆ, ದೊಡ್ಡ ಗಾಯಕರು ಬಂದು ಕೇಳಿ ಕಲಿತು ಹಾಡಲೆಂದು ಪ್ರತಿ ಹಾಡನ್ನೂ ಮೊದಲು ತಾನು ಹಾಡಿಡುತ್ತಿದ್ದಳು. ಅವರು ಹಾಡಿ ಕಾರು ಹತ್ತಿದೊಡನೆ ಆಕೆಯದನ್ನು ಅಳಿಸುವುದು ವಾಡಿಕೆ. ಹೀಗೆ ಇಪ್ಪತ್ತೆರಡು ವರ್ಷ ಹಾಡಿಯೂ ಆಕೆಯ ದನಿ ಆ ಕಟ್ಟಡದ ಬಾಗಿಲು ದಾಟಿರಲಿಲ್ಲ. ಆಕೆಯ ಸ್ವರ ಒಮ್ಮೆಯೂ ಕದಲಿದ್ದಿಲ್ಲವಾದ್ದರಿಂದ ವಾದ್ಯದವರು ಆಕೆಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು. ಎಲ್ಲಿ ಕತ್ತರಿಸಬೇಕು, ಯಾವುದನ್ನು ಎತ್ತಬೇಕು ಎಂದು ಬೆನ್ನ ಹಿಂದೆ ನಿಂತು ಆಕೆ ಹೇಳುವಳು. ಇವನ ಬೆರಳು ಮಾಡುವುದು.

ಅವನು ಇಪ್ಪತ್ತನೆಯ ವಯಸ್ಸಿನಲ್ಲಿ ಹಾಡಲೆಂದೇ ಅಲ್ಲಿಗೆ ಬಂದವನು. ಕರೆತಂದವಳು ಅತ್ತಿಗೆ, ಎರಡು ಸಾಲು ಹಾಡಿಸಿ ನೋಡಿದವಳು ಅತ್ತಿಗೆ, ವಾದ್ಯದವರೆಲ್ಲರ ಎದುರಿಗೆ ಮೊದಲು ನಕ್ಕವಳೂ ಅತ್ತಿಗೆಯೇ. "ನಿನ್ನ ಶ್ರುತಿ ಒಂದು ಕಡೆ ನಿಲ್ಲೋದಲ್ಲ ಕಣಪ್ಪಾ. ಗಾಜಿನ ಆ ಕಡೆ ಟೇಪಿನ ಹತ್ತಿರ ಹೋಗಿ ಕೂತ್ಕೋ, ಊಟಕ್ಕೊಂದು ದಾರಿ ಆಗುತ್ತೆ," ಎಂದಿದ್ದಳು. ಆಕೆ ಹೇಳಿದ್ದು ನಿಜವಾಗಿತ್ತು. ಸುಳ್ಳಾಗಿದ್ದರೆ ಅವನು ಎಂದೋ ಮರೆತುಬಿಡುತ್ತಿದ್ದ.

ಅದೆಲ್ಲ ಆಗಿ ಎಷ್ಟೋ ವರ್ಷಗಳ ಮೇಲೆ ಸ್ಟುಡಿಯೋಗೆ ಕಂಪ್ಯೂಟರಿನೊಳಗಿನ ಯಂತ್ರ ಬಂತು. ಈ ಹಾಡಿಗೆ ಇಂತಿಂಥ ಸ್ವರಗಳು ಸಲ್ಲುತ್ತವೆ ಎಂದು ಮೊದಲು ಅದಕ್ಕೆ ಗುರುತು ಹಾಕಿ ಕೊಡಬೇಕು. ಆಮೇಲೆ ಹಾಡುವವರ ದನಿ ಎಲ್ಲಿ ಜಾರಿದರೂ ಅದನ್ನು ಹಿಡಿದು ಹತ್ತಿರದ ಸಲ್ಲುವ ಸ್ವರದ ಮೇಲೆ ಕೂರಿಸುತ್ತದೆ. ಪರದೆಯ ಮೇಲೆ ದನಿ ಒಂದು ಗೆರೆಯಾಗಿ ಹರಿಯುತ್ತದೆ. ಶ್ರುತಿ ಇನ್ನು ಕಣ್ಣಿಗೆ ಕಾಣುವ ವಸ್ತು. ಕತ್ತರಿ ಬಾಳಿನಲ್ಲಿ ಮೊದಲ ಬಾರಿಗೆ ಯಾರನ್ನೂ ಕೇಳದೆ ಕೆಲಸ ಮಾಡಿದ.

ಸಂಗೀತ ನಿರ್ದೇಶಕರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಮನಸ್ಸು ಮೆತ್ತಗಾದ ಒಂದು ದಿನ ಅವರು ಅತ್ತಿಗೆಗೆ ಮಾತು ಕೊಟ್ಟರು: ಈ ಸಲದ ಕ್ಯಾಸೆಟ್ಟಿನ ಆರು ಹಾಡುಗಳಲ್ಲಿ ಒಂದು ಅವಳ ಹೆಸರಿನಲ್ಲೇ, ಅವಳ ದನಿಯಲ್ಲೇ ಹೊರಬರುತ್ತದೆ. ಆಕೆಗೆ ಆಗ ಐವತ್ತೊಂದು. ಇದು ಕೈತಪ್ಪಿದರೆ ಇನ್ನೊಂದು ಬರುವ ವಯಸ್ಸಲ್ಲ. ಮನೆಯಲ್ಲಿ ಹದಿನೈದು ದಿನ ಆಕೆ ತಣ್ಣೀರು ಕುಡಿಯಲಿಲ್ಲ, ಯಾರೊಂದಿಗೂ ದನಿಯೆತ್ತಿ ಮಾತಾಡಲಿಲ್ಲ. ಕತ್ತರಿಯ ಹೆಂಡತಿ ನಕ್ಕು, ಓರಗಿತ್ತಿ ಮತ್ತೆ ಮದುವಣಗಿತ್ತಿಯಾಗಿದ್ದಾಳೆ ಎಂದಳು.

ಹಾಡುವ ದಿನ ಬೆಳಿಗ್ಗೆ ಒಬ್ಬ ಹೊಸ ಹುಡುಗಿ ಬೇರೊಂದು ಹಾಡು ಹಾಡಿ ಹೋಗಿದ್ದಳು. ನೋಡಲು ಚೆನ್ನಾಗಿದ್ದಳು, ಸ್ವರ ಮಾತ್ರ ಹಸಿ ಗೋಡೆಯ ಮೇಲಿನ ಸುಣ್ಣದ ಹಾಗೆ ಜಾರುತ್ತಿತ್ತು. ಯಂತ್ರ ಎಲ್ಲವನ್ನೂ ನೇರ ಮಾಡಿತ್ತು. ಮಧ್ಯಾಹ್ನ ಅತ್ತಿಗೆ ಗಾಜಿನ ಕೋಣೆಗೆ ಹೋಗುವ ಮುನ್ನ ಪರದೆಯ ಕಡೆ ಬಗ್ಗಿ ನೋಡಿದಳು. ಇದು ನನಗೂ ಬೇಕೇ ಎಂದು ಮಾಸ್ಟರರನ್ನು ಕೇಳಿದಳು. ಎಲ್ಲರಿಗೂ ಹಾಕುವುದು ಕಂಪನಿಯವರ ಕಟ್ಟಪ್ಪಣೆ ಎಂದು ಅವರು ಕೈ ಚೆಲ್ಲಿದರು.

"ಹಾಕಲಿ ಬಿಡಿ," ಎಂದು ಆಕೆ ಮೈದುನನ ತಲೆ ಸವರಿದಳು. "ಕಿವಿ ಇಲ್ಲದೋರಿಗೆ ಊರುಗೋಲು. ಪಾಪ, ಇಷ್ಟು ವರ್ಷ ನನ್ನ ಕೈ ಹಿಡ್ಕೊಂಡೇ ನಡೆದ."

ಮಾಸ್ಟರ್ ಹೊಟ್ಟೆ ಕುಣಿಸಿ ನಕ್ಕರು. ಕತ್ತರಿಯೂ ನಕ್ಕ.

ಆಕೆ ಹಾಡಿದಳು. ಆಕೆಯ ಕಿವಿಯ ಮೇಲಿನ ಹೆಡ್‌ಫೋನಿಗೆ ಆಕೆಯ ಬರಿಯ ದನಿಯೇ ಬರುತ್ತಿತ್ತು. ಯಂತ್ರದಿಂದ ಹಾದು ಬಂದದ್ದು ಈಚೆಯ ಕೋಣೆಯ ಸ್ಪೀಕರಿಗೆ ಮಾತ್ರ. ಮೊದಲ ಸಾಲು ಮುಗಿಯುವ ಹೊತ್ತಿಗೆ ಮಾಸ್ಟರರ ಹುಬ್ಬು ಗಂಟಿಕ್ಕಿತು. ಎರಡನೆಯ ಸಾಲಿನ ಏರಿನಲ್ಲಿ ದನಿ ವಾದ್ಯಗಳ ಮೈಗೆ ಉಜ್ಜಿ ಕಿರುಗುಟ್ಟಿತು; ಅದು ಕತ್ತರಿಗೂ ಕೇಳಿಸಿತು. ಅವನು ಪರದೆಯ ಮೂಲೆಗೆ ಕಣ್ಣು ಹಾಯಿಸಿದ. ಅಲ್ಲಿ ಗುರುತಾಗಿದ್ದ ಸ್ವರಗಳು ಬೆಳಗಿನ ಹುಡುಗಿಯ ಹಾಡಿನವು. ಬದಲಿಸಲು ಮರೆತಿದ್ದ. ಅತ್ತಿಗೆ ಸರಿಯಾದ ಸ್ವರ ಇಟ್ಟಲ್ಲೆಲ್ಲ ಯಂತ್ರ ಅದನ್ನು ತಪ್ಪೆಂದು ಬಗೆದು, ಎಳೆದು ಪಕ್ಕದ ಸ್ವರದ ಮನೆಗೆ ನೂಕುತ್ತಿತ್ತು.

ಎರಡು ಬೆರಳಿನ ಕೆಲಸ. ಮಾಸ್ಟ್ರೇ, ತಪ್ಪು ನನ್ನದು ಎಂಬ ಒಂದು ಮಾತು. ಆ ಮಾತು ನಾಲಗೆಯ ತುದಿಗೆ ಬಂದು, ಅಲ್ಲಿ ಸ್ವಲ್ಪ ಹೊತ್ತು ಕೂತು, ಒಳಗೆ ಹೋಯಿತು.

ಆಕೆ ಈಚೆ ಬಂದು ಕೇಳಿದಳು. ಇದು ನಾನು ಹಾಡಿದ್ದಲ್ಲ ಎಂದಳು. ಮಾಸ್ಟರ್ ಬಹಳ ಮೃದುವಾಗಿ ಹೇಳಿದರು: "ಯಂತ್ರ ಹಾಕಿದ ಮೇಲೂ ಹೀಗಿದ್ರೆ, ಹಾಕದೆ ಇದ್ರೆ ಹೇಗಿರಬೇಕಮ್ಮಾ?"

ಆಕೆ ಮೈದುನನ ಮುಖ ನೋಡಿದಳು. ಅಷ್ಟು ವರ್ಷಗಳಲ್ಲಿ ಶ್ರುತಿಯ ವಿಷಯಕ್ಕೆ ಆಕೆ ಅವನ ಮುಖ ನೋಡಿದ್ದು ಅದೇ ಮೊದಲು.

"ಇನ್ನೊಂದು ಸಲ ಹಾಡಿ ಅತ್ತಿಗೆ," ಎಂದ ಕತ್ತರಿ.

ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲಕ್ಕೆ ಹೊರಟಾಗ ಆಕೆಯ ನಡಿಗೆಯಲ್ಲಿ, ಕತ್ತಲಲ್ಲಿ ಮೆಟ್ಟಿಲು ಇಳಿಯುವವರ ಅನುಮಾನವಿತ್ತು. ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಹಾಡಿದಳು. ಸ್ಪೀಕರಿನಲ್ಲಿ ಕೇಳಿದ ತಪ್ಪನ್ನು ನೆನಪಿಟ್ಟುಕೊಂಡು, ಒಂದು ಕಡೆ ಬೇಕೆಂದೇ ತಗ್ಗಿಸಿದಳು, ಇನ್ನೊಂದು ಕಡೆ ಏರಿಸಿದಳು. ಪರದೆಯ ಮೇಲೆ ಆಕೆಯ ಗೆರೆ ನಡುಗತೊಡಗಿತು. ಈ ಸಲ ಅಪಸ್ವರ ಗಂಟಲಿನಿಂದಲೇ ಬಂದಿತ್ತು.

ಅದನ್ನು ಕಂಡ ಕತ್ತರಿ ಮಾಸ್ಟರರ ಕಡೆ ತಿರುಗಿದ. ಯಂತ್ರದ್ದೇ ದೋಷವೋ ಏನೋ, ಅನ್ಯಾಯವಾಗಬಾರದು, ಒಮ್ಮೆ ಯಂತ್ರ ತೆಗೆದು ಬರಿಯ ದನಿ ಕೇಳೋಣ ಎಂದ. ಆಕೆಯನ್ನೂ ಈಚೆಗೆ ಕರೆದು ಕುರ್ಚಿ ಎಳೆದು ಕೂರಿಸಿದ. ಯಂತ್ರ ತೆಗೆದ. ಕೇಳಿಸಿದ್ದು ಮೂರನೆಯದನ್ನು; ಎಷ್ಟನೆಯ ಸಲದ್ದೆಂದು ಹೇಳಲಿಲ್ಲ.

ಹಾಡು ಮುಗಿಯಿತು. ಅತ್ತಿಗೆ ಸೆರಗಿನ ಅಂಚನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಎಷ್ಟು ದಿನದಿಂದ ಹೀಗೆ?" ಎಂದು ಕೊನೆಗೆ ಕೇಳಿದಳು.

"ಎರಡು ಮೂರು ವರ್ಷ ಆಯ್ತು," ಎಂದ ಕತ್ತರಿ. "ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ನಾನೇ ಅಷ್ಟಿಷ್ಟು ಸರಿ ಮಾಡಿಡ್ತಿದ್ದೆ."

ಆಕೆ ತಲೆದೂಗಿದಳು. ಅವನ ಭುಜ ಮುಟ್ಟಿ, ನೀನು ದೊಡ್ಡವನಪ್ಪಾ ಎಂದಳು. ಚೀಲ ಎತ್ತಿಕೊಂಡು, ಮಾಸ್ಟರರಿಗೆ ಕೈಮುಗಿದು, ಕಾರಿಡಾರಿನ ಗೋಡೆ ಹಿಡಿದು ನಡೆದಳು. ಪಾಪ, ವಯಸ್ಸು ಎಂದರು ಮಾಸ್ಟರ್. ಹಾಡನ್ನು ಆ ಹುಡುಗಿಗೇ ಕೊಡು, ಇದನ್ನೆಲ್ಲ ಅಳಿಸು ಎಂದೂ ಹೇಳಿದರು.

ಅಳಿಸುವ ಮೊದಲು ಅವನು ಆಕೆ ಮೊದಲ ಸಲ ಹಾಡಿದ್ದನ್ನು ಯಂತ್ರದ ತಿದ್ದುವಿಕೆಯಿಲ್ಲದೆ ಪರದೆಯ ಮೇಲೆ ಬಿಡಿಸಿದ. ಸರಿಯೋ ತಪ್ಪೋ ಎಂಬುದು ಅವನ ಕಿವಿಗೆ ತಿಳಿಯುತ್ತಿರಲಿಲ್ಲ, ಕಣ್ಣಿಗೆ ತಿಳಿಯಿತು. ಗೆರೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು, ಎಲ್ಲಿ ಬಾಗಬೇಕೋ ಅಲ್ಲಿ, ಗಾಳಿ ನಿಂತ ಕೆರೆಯ ದಡದಂತೆ, ಬಾಗಿತ್ತು. ಮನುಷ್ಯರ ಗಂಟಲು ಅಷ್ಟು ನಿಖರವಾಗಿರುವುದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಬಹಳ ಹೊತ್ತು ನೋಡಿದ. ಅದೊಂದನ್ನು ಅಳಿಸದೆ ಉಳಿಸಿಕೊಂಡ.

ಮರುವಾರ ಹುಡುಗಿ ಬಂದು ಅದೇ ಹಾಡನ್ನು ಹಾಡಿಹೋದಳು. ಅವನು ಅತ್ತಿಗೆಯ ಗೆರೆಯನ್ನು ಕೆಳಗಿಟ್ಟುಕೊಂಡು, ಹುಡುಗಿಯ ದನಿಯನ್ನು ಒಂದೊಂದೇ ಸ್ವರವಾಗಿ ಎಳೆದು ಅದರ ಮೇಲೆ ಕೂರಿಸಿದ. ಎಲ್ಲ ಕೂತ ಮೇಲೆ ಕೆಳಗಿನದನ್ನು ಅಳಿಸಿದ. ಆ ಹಾಡು ಅಂಗಡಿಗಳಲ್ಲಿ, ಬಸ್ಸುಗಳಲ್ಲಿ, ಕ್ಷೌರದವನ ರೇಡಿಯೋದಲ್ಲಿ ಮೂರು ತಿಂಗಳು ಎಡೆಬಿಡದೆ ಕೇಳಿಸಿತು. ಹುಡುಗಿಯ ಶ್ರುತಿಶುದ್ಧಿಯನ್ನು ಪತ್ರಿಕೆಯವರು ಹಾಡಿ ಹೊಗಳಿದರು.

ಅತ್ತಿಗೆ ಮತ್ತೆ ಸ್ಟುಡಿಯೋಗೆ ಹೋಗಲಿಲ್ಲ. ಕತ್ತರಿಯ ಮಗಳಿಗೆ ಸಂಜೆ ಹೊತ್ತು ಹೇಳಿಕೊಡುತ್ತಿದ್ದ ಪಾಠವನ್ನೂ ನಿಲ್ಲಿಸಿದಳು. ನನ್ನ ಹತ್ತಿರ ಕಲಿತರೆ ಮಗುವಿನ ಕಿವಿ ಕೆಡುತ್ತದೆ ಎಂದಳಂತೆ. ಮನೆಯಲ್ಲಿ ಮಾತಿಲ್ಲ, ಗುನುಗಿಲ್ಲ. ಪಾತ್ರೆ ಇಡುವುದನ್ನೂ ಸದ್ದಾಗದಂತೆ ಇಡುತ್ತಿದ್ದಳು.

ಒಂದು ರಜೆಯ ದಿನ ಕತ್ತರಿ ಅಡುಗೆಮನೆಯ ಬಾಗಿಲಲ್ಲಿ ಕೂತು ಪತ್ರಿಕೆ ಓದುತ್ತಿದ್ದ. ಅತ್ತಿಗೆ ಬಟಾಣಿ ಸುಲಿಯುತ್ತಿದ್ದಳು. ಸುಲಿಯುತ್ತಲೇ, ತೀರಾ ಮೆಲ್ಲಗೆ, ಒಂದೇ ಒಂದು ಸ್ವರವನ್ನು ಹಿಡಿದಳು. ಹಿಡಿದುಕೊಂಡೇ, ಕಾಳಿದ್ದ ಕೈಯನ್ನು ಎತ್ತಿ, ಅವನ ಕಡೆ ನೋಡಿದಳು.

"ಇದು ಸರಿ ಇದೆಯಾ? ನೀನು ಹೇಳಿದ ಹಾಗೆ ತಿದ್ಕೋತೀನಿ."

ಕತ್ತರಿ ಪತ್ರಿಕೆ ಕೆಳಗಿಟ್ಟು ಕಿವಿಗೊಟ್ಟ. ಅವನಿಗೆ ಏನೂ ತಿಳಿಯಲಿಲ್ಲ. ಸುಮ್ಮನೆ ಒಂದು ದನಿ ಕೇಳುತ್ತಿತ್ತು, ನಲ್ಲಿಯ ನೀರಿನಂತೆ.

"ಸ್ವಲ್ಪ ಕಡಿಮೆ ಆಯ್ತು ಅತ್ತಿಗೆ. ಇನ್ನೂ ಮೇಲೆ."

ಆಕೆ ಕಣ್ಣು ಮುಚ್ಚಿ, ಕಲಿಯುವ ಮಗುವಿನ ವಿನಯದಿಂದ, ಇದ್ದ ಜಾಗ ಬಿಟ್ಟು ಮೇಲೆ ಸರಿದಳು.

"ಇನ್ನೂ," ಎಂದ.